ಚೆಲುವರಾಜುವಿನ ಮೂಗಿಗೆ ಸಿಗದ್ದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಮೂಗುಗಳನ್ನೆಲ್ಲ ಗುಡ್ಡೆ ಹಾಕಿ ತಕ್ಕಡಿಯ ಒಂದು ಕಡೆಗಿಟ್ಟು, ಕಟ್ಟೆಕೊಪ್ಪಲಿನ ಚೆಲುವರಾಜುವಿನ ಮೂಗೊಂದನ್ನೇ ಇನ್ನೊಂದು ಕಡೆಗಿಟ್ಟರೆ, ಚೆಲುವರಾಜುವಿನ ಕಡೆಯೇ ನೆಲ ಮುಟ್ಟುತ್ತಿತ್ತು. ನೋಡುವುದಕ್ಕೇನೂ ದೊಡ್ಡ ಮೂಗಲ್ಲ. ಹುಣಸೆಬೀಜದಂಥ ಮೂಗು. ಆದರೆ ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತವನು ತಲೆಯನ್ನು ಒಂದಿಷ್ಟು ಎತ್ತಿದನೆಂದರೆ, ಲಕ್ಷ್ಮಣತೀರ್ಥ ಹೊಳೆಯ ಆಚೆ ಹನಗೋಡಿನಲ್ಲಿ ಯಾರ ಹೊಗೆಸೊಪ್ಪು ಸೀಯುತ್ತಿದೆ ಎಂದು ಹೆಸರು ಹಿಡಿದು ಹೇಳುತ್ತಿದ್ದ. ಫೋನು ಮಾಡಿ ಕೇಳಿದರೆ ಅವರಿಗೇ ಇನ್ನೂ ಗೊತ್ತಿರುತ್ತಿರಲಿಲ್ಲ. ಓಡಿಹೋಗಿ ನೋಡಿ, ವಾಪಸ್ಸು ಬಂದು ಫೋನಿನಲ್ಲಿ ಅಳುತ್ತಿದ್ದರು.

ಹಾರನಹಳ್ಳಿ ಹೋಬಳಿಯ ಆ ಊರಿನಲ್ಲಿ ಎಲ್ಲರೂ ಹೊಗೆಸೊಪ್ಪು ಬೆಳೆಯುವವರೇ. ಮುರಿದ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನಲ್ಲಿ ಬೇಯಿಸಬೇಕು. ಬ್ಯಾರನ್ನೆಂದರೆ ಮೂರಾಳೆತ್ತರದ ಒಂದೇ ಕೋಣೆ. ಒಳಗೆ ಅಟ್ಟದ ಮೇಲೆ ಅಟ್ಟ ಸೊಪ್ಪು ತೂಗುತ್ತದೆ, ಹೊರಗಿನ ಒಲೆಗೆ ಸೌದೆ ಬೀಳುತ್ತದೆ, ಬಾಗಿಲು ಐದು ದಿನ ತೆರೆಯುವಂತಿಲ್ಲ. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕಡೆಗೆ ನಡುವಿನ ನರ ಒಣಗಬೇಕು. ಒಳಗಿನ ಶಾಖ ನೋಡುವುದಕ್ಕೆ ಗೋಡೆಯಲ್ಲಿ ಅಂಗೈಯಗಲದ ಗಾಜಿನ ಗೂಡು, ಗೂಡಿನೊಳಗೆ ಥರ್ಮಾಮೀಟರು. ಬೇರೆಯವರು ಗಂಟೆಗೊಂದು ಸಲ ಆ ಗಾಜಿಗೆ ಕಣ್ಣಿಟ್ಟು ಸಾಯುತ್ತಿದ್ದರು. ಚೆಲುವರಾಜು ತನ್ನ ಥರ್ಮಾಮೀಟರಿನಿಂದ ಎತ್ತಿನ ಬೆನ್ನು ಕೆರೆಯುತ್ತಿದ್ದ. ಜಗುಲಿಯ ಮೇಲೆ ಮಲಗಿಕೊಂಡೇ ಮೂಗೆಳೆದು, "ಎರಡು ಸೌದೆ ಹಿಂದಕ್ಕೆಳಿ" ಎನ್ನುತ್ತಿದ್ದ. ಹರಾಜುಕಟ್ಟೆಯಲ್ಲಿ ಕಂಪನಿಯವರು ಮೊದಲು ಸೊಪ್ಪನ್ನಲ್ಲ, ಚೆಲುವರಾಜುವಿನ ಮುಖವನ್ನು ನೋಡುತ್ತಿದ್ದರು.

ಇಷ್ಟು ಸೊಪ್ಪು ಬೇಯಿಸಿದವನು ತನ್ನ ಜನ್ಮದಲ್ಲಿ ಒಂದು ಬೀಡಿಯನ್ನೂ ತುಟಿಗಿಟ್ಟವನಲ್ಲ. "ಚಟ ಅಂದ್ರೆ ನಂಗಾಗಕ್ಕಿಲ್ಲ ಕಣ್ಲಾ" ಎಂದು ಅವನು ಹೇಳಿದಾಗಲೆಲ್ಲ ಗೂಡ್ಸ್ ಆಟೋ ಓಡಿಸುವ ಗೆಳೆಯ ಬೆಟ್ಟಸ್ವಾಮಿ ಬಿಡುತ್ತಿರಲಿಲ್ಲ.

"ಊಂ ಮತ್ತೆ, ನೀನು ಬೆಳಿಯೋದು ಅವರೆಕಾಯಿ ಅಲ್ವಾ?"

ಚೆಲುವರಾಜು ಎದ್ದು ಒಲೆಯ ಸೌದೆ ಸರಿಮಾಡಲು ಹೋಗುತ್ತಿದ್ದ.

ಎರಡು ವರ್ಷದ ಹಿಂದೆ ಪಕ್ಕದೂರಿನ ಹುಡುಗನೊಬ್ಬ ಕಾಲೇಜಿನ ಹಿಂದೆ ಗಾಂಜಾ ಸೇದಿ ಪ್ರಜ್ಞೆ ತಪ್ಪಿ ಬಿದ್ದಿದ್ದ ಎಂಬ ಸುದ್ದಿ ಬಂದಾಗ ಕಟ್ಟೆಕೊಪ್ಪಲಿನ ತಾಯಂದಿರೆಲ್ಲ ಚೆಲುವರಾಜುವಿನ ಮನೆಮುಂದೆ ಸೇರಿದರು. ಪೊಲೀಸರು ಬೇಡ, ಯಂತ್ರ ಬೇಡ, ಊರಲ್ಲೇ ಇಂಥ ಮೂಗಿರುವಾಗ! ಅವತ್ತಿನಿಂದ ಒಂದು ಕಟ್ಟಳೆಯಾಯಿತು. ಹುಣಸೂರಿನಿಂದ ಸಂಜೆ ಐದರ ಬಸ್ಸು ಬಂದ ಕೂಡಲೆ ಕಾಲೇಜು ಹುಡುಗರು ಹಾಲಿನ ಡೇರಿಯ ಜಗುಲಿಯ ಮುಂದೆ ಸಾಲಾಗಿ ನಿಲ್ಲಬೇಕು, ಒಬ್ಬೊಬ್ಬರೇ ಚೆಲುವರಾಜುವಿನ ಮುಂದೆ ಬಾಯಿ ತೆರೆದು 'ಹಾ' ಎನ್ನಬೇಕು. ಹಾಲು ಹಾಕಲು ಬಂದ ಊರೆಲ್ಲ ಸುತ್ತ ನಿಂತು ನೋಡುತ್ತಿತ್ತು.

"ಹಾ ಅನ್ಲಾ ವಸಂತ."

"ಹಾ..."

"ಮಧ್ಯಾಹ್ನ ಗೋಬಿ ಮಂಚೂರಿ. ಎರಡು ಪ್ಲೇಟು. ಎರಡನೇದು ನಿಂದಲ್ಲ, ಪಕ್ಕದೋನು ಕೈ ತೊಳಿಯಕ್ಕೋದಾಗ ತಿಂದಿದ್ದೀಯ."

"ಲೇ, ನೀನೇನ್ಲಾ ಅದು!" ಎಂದು ಪಕ್ಕದವನು ವಸಂತನ ಕುತ್ತಿಗೆಗೆ ಕೈ ಹಾಕಿದ.

"ನೀನು ಸುಮ್ನಿರ್ಲಾ. ನೀನು ಕ್ಲಾಸಿಗೇ ಹೋಗಿಲ್ಲ. ಬೈಲಕುಪ್ಪೆ ಕ್ಯಾಂಪಲ್ಲಿ ಮೊಮೊ ತಿಂದಿದ್ದೀಯ. ಕೆಂಪು ಚಟ್ನಿ ಬಟ್ಟೆ ಮೇಲೂ ಚೆಲ್ಕೊಂಡಿದ್ದೀಯ."

"ಎಲ್ಲಿ ಅದೆ ದೊಡ್ಡಪ್ಪ? ಅಂಗಿ ನೋಡು, ಕ್ಲೀನು!"

"ಬನೀನು ನೋಡ್ಕೋ."

ಬನೀನು ನೋಡಿಕೊಂಡರೆ ಚಟ್ನಿ ಇತ್ತು! ಜನ ಉಸಿರು ಬಿಗಿಹಿಡಿದು ನೋಡಿದರು. ಒಂದು ಮುದುಕಿ ಕೈಮುಗಿದಳು.

ಒಂದು ವರ್ಷದಲ್ಲಿ ಎಂಟು ಬೀಡಿ, ಮೂರು ಗುಟ್ಕಾ, ಎರಡು ಗಾಂಜಾ, ಬಸ್ಸಿನಲ್ಲಿ ಕುಡುಕನ ಪಕ್ಕ ಕೂತು ಬಂದಿದ್ದ ನಿರಪರಾಧಿಯೊಬ್ಬ, ಎಲ್ಲ ಸಿಕ್ಕಿಬಿದ್ದರು. ಸಿಕ್ಕವರಿಗೆ ಡೇರಿಯ ಮುಂದೆ ಬೈಗುಳ, ಮನೆಯಲ್ಲಿ ಏಟು. ಹೆಸರು ಎಲ್ಲೆಲ್ಲೋ ಹೋಯಿತು. ಕೆ.ಆರ್. ನಗರದಿಂದ ಒಬ್ಬ ತಾಯಿ ಮಗನ ದಿಂಬಿನ ಕವರನ್ನು ಸೆರಗಲ್ಲಿ ಸುತ್ತಿ ತಂದಳು. ಎಚ್.ಡಿ. ಕೋಟೆಯಿಂದ ಮೇಷ್ಟ್ರೊಬ್ಬರು ಇಡೀ ಹಾಸ್ಟೆಲ್ಲಿನ ಟವೆಲ್ಲುಗಳನ್ನು ಮೂಟೆ ಕಟ್ಟಿಕೊಂಡು ಬಂದರು. ಚೆಲುವರಾಜು ಒಂದು ಮಧ್ಯಾಹ್ನ ಕೂತು ನಲವತ್ತೆರಡು ಟವೆಲ್ಲು ಮೂಸಿ, ಹುಡುಗರ ಹೆಸರಿನ ಜೊತೆಗೆ ಅಡುಗೆಯವನು ಅಕ್ಕಿ ಕದಿಯುವುದನ್ನೂ ಹೇಳಿ ಕಳಿಸಿದ. ಕೊನೆಗೆ ಹುಣಸೂರಿನ ಕಾಲೇಜಿನವರೇ ಕಾರ್ಡು ಅಚ್ಚು ಹಾಕಿಸಿದರು: 'ವ್ಯಸನಮುಕ್ತ ವಿದ್ಯಾರ್ಥಿ ಜೀವನ. ಶನಿವಾರ ಬೆಳಿಗ್ಗೆ ಹತ್ತಕ್ಕೆ. ಮುಖ್ಯ ಅತಿಥಿ: ಶ್ರೀ ಚೆಲುವರಾಜು, ಪ್ರಗತಿಪರ ರೈತರು.' ವೇದಿಕೆಯ ಮೇಲೆ ಮೂಸಿ ತೋರಿಸಬೇಕು. ಆ ಕಾರ್ಡನ್ನು ಅವನು ದೇವರ ಪಟದ ಪಕ್ಕ ಸಿಕ್ಕಿಸಿದ.

ಈ ಸಾಲಿನಲ್ಲಿ ದಿನಾ ಮೊದಲು ನಿಲ್ಲುತ್ತಿದ್ದವನು ಅವನ ಮಗ ರಘು. ಕೊನೇ ವರ್ಷದ ಬಿ.ಕಾಂ. ಕಬಡ್ಡಿಯಲ್ಲಿ ಅವನು ರೈಡಿಗೆ ಹೋದರೆ ಎದುರು ಪಾರ್ಟಿಯವರು ಅಂಕಣ ಬಿಟ್ಟು ಬೇಲಿ ಹಾರುತ್ತಿದ್ದರಂತೆ. ರಘು 'ಹಾ' ಎಂದರೆ ಚೆಲುವರಾಜು ಕಣ್ಣು ಮುಚ್ಚಿ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ: "ಮನೆಯಿಂದ ತಗೊಂಡೋದ ರಾಗಿಮುದ್ದೆ, ಬಸ್ಸಾರು. ಮತ್ತೇನಿಲ್ಲ. ನೋಡ್ಕಳ್ರಪ್ಪ, ಇಂಗಿರ್ಬೇಕು."

ಆ ರಘು ಈಚೆಗೆ ಮಧ್ಯಾಹ್ನವೆಲ್ಲ ಮಲಗುತ್ತಿದ್ದ. ಸೊಪ್ಪು ಕಟ್ಟಲು ಕೂತರೆ ಬೆರಳು ನಡುಗಿ ದಾರ ಬಿಡುತ್ತಿತ್ತು. ಚೆಲುವರಾಜು ಇದನ್ನೆಲ್ಲ ನೋಡಿದ್ದ. ನೋಡಿದ್ದರೇನು, ಅವನು ಕಣ್ಣನ್ನು ನಂಬಿದವನಲ್ಲ.

ನಂಬಿದ್ದು ಮಗಳು ಪವಿತ್ರ. ಅದೇ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಎಸ್ಸಿ. ಸೋಮವಾರ ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತಿದ್ದ ಅಪ್ಪನ ಹತ್ತಿರ ಬಂದು ಹೇಳಿದಳು.

"ಅಪ್ಪಾ, ಅಣ್ಣ ಮಾತ್ರೆ ನುಂಗ್ತಾವ್ನೆ."

"ಜ್ವರವಾ?"

"ಜ್ವರದ್ದಲ್ಲ. ನೋವಿಂದು. ದಿನಕ್ಕೆ ಏಳೆಂಟು. ಚಟ ಆಗೋಗದೆ ಕಣಪ್ಪ."

ಚೆಲುವರಾಜು ನಕ್ಕುಬಿಟ್ಟ. "ಶನಿವಾರ ಸಾಯಂಕಾಲ ನಾನೇ ಮೂಸಿದ್ದೀನಿ. ನನ್ನ ಮೂಗಿಗೆ ತಪ್ಪಿಸ್ಕಂಡು ಹೋಗೋದು ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ."

ಹಿತ್ತಲ ಹಳೇ ಬ್ಯಾರನ್ನು, ಹೊಸದು ಕಟ್ಟಿಸಿದ ಮೇಲೆ ಯಾರೂ ಒಳಗೆ ಹೋಗದ ಬ್ಯಾರನ್ನು, ಅದರ ಥರ್ಮಾಮೀಟರಿನ ಗೂಡಿನಲ್ಲಿ ಸಿಕ್ಕಿದ್ದನ್ನು ಪವಿತ್ರ ಲಂಗದ ಮಡಿಲಿನಿಂದ ತೆಗೆದು ಅವನ ಮುಂದೆ ಸುರಿದಳು. ಬೆಳ್ಳಿಬಣ್ಣದ ಖಾಲಿ ಮಾತ್ರೆ ಹಾಳೆಗಳು. ಮದುವೆಮನೆಯಲ್ಲಿ ಊಟದೆಲೆ ಹಾಕುವಷ್ಟು.

ಚೆಲುವರಾಜು ಒಂದನ್ನು ಮೂಗಿಗೆ ಹಿಡಿದು ಎಳೆದ. ಮಗಳ ಕೈಯ ಸೋಪು ಬಂತು. ಗೂಡಿನ ಜೇಡಬಲೆ, ಹಲ್ಲಿಯ ಹಿಕ್ಕೆ ಬಂತು. ಮಗನ ಹೆಬ್ಬೆರಳು ಬಂತು. ಆದರೆ ಮಾತ್ರೆ ಕೂತಿದ್ದ ಗುಳಿಗಳಿಂದ ಏನೂ ಬರಲಿಲ್ಲ. ಇನ್ನೊಂದು ಹಾಳೆ ಹಿಡಿದ. ಏನೂ ಇಲ್ಲ. ಮೂರನೆಯದನ್ನು ಎಳೆದ ರಭಸಕ್ಕೆ ಒಲೆಯ ಬೂದಿ ಎದ್ದು ಹಾರಿತು, ಆದರೂ ಇಲ್ಲ. ಹುಟ್ಟಿ ಐವತ್ತೆರಡು ವರ್ಷಕ್ಕೆ ಮೊದಲ ಸಲ ಅವನು ಏನೂ ಇಲ್ಲದ್ದನ್ನು ಮೂಸಿದ. ದಿನಾ ಸಂಜೆ ಊರೆಲ್ಲ ನೋಡುತ್ತಿರುವಾಗ ಇದೇ ಅವನ ಮೂಗಿನ ಕೆಳಗೆ, ಅವನ ಮಗನ ಹೊಟ್ಟೆಯೊಳಗೆ ಕೂತು, ಶಭಾಷ್ ಅನ್ನಿಸಿಕೊಂಡು ಮನೆಗೆ ಬರುತ್ತಿತ್ತು. ಇಷ್ಟು ದೊಡ್ಡದು, ಇಷ್ಟು ಸದ್ದಿಲ್ಲದೆ ಇರಬಹುದೇ?

ರಘುವನ್ನು ಎಬ್ಬಿಸಿ ತಂದಾಗ ಅವನು ಸುಳ್ಳು ಹೇಳಲಿಲ್ಲ. ಹೋದ ವರ್ಷ ಕಬಡ್ಡಿಯಲ್ಲಿ ಭುಜದ ಕೀಲು ತಪ್ಪಿತ್ತಲ್ಲ, ಆಗ ಡಾಕ್ಟರು ಕೊಟ್ಟದ್ದು ಹತ್ತು ದಿನಕ್ಕೆ. ಹನ್ನೊಂದನೇ ದಿನ ಭುಜ ನೋಯಲಿಲ್ಲ, ಆದರೆ ಮನಸ್ಸು ಅದನ್ನೇ ಕೇಳಿತು. ಬಸ್‌ಸ್ಟ್ಯಾಂಡಿನಲ್ಲಿ ತಂದುಕೊಡುವವನೊಬ್ಬ ಸಿಕ್ಕಿದ.

"ಬಿಡಾನ ಅಂತ ನೋಡ್ದೆ ಕಣಪ್ಪ. ಒಂದು ದಿನ ಬುಟ್ರೆ ಮೈಯೆಲ್ಲ ಮುರುದಂಗಾಯ್ತದೆ."

"ನಂಗ್ಯಾಕ್ಲಾ ಹೇಳ್ಲಿಲ್ಲ?"

"ದಿನಾ ಸಾಯಂಕಾಲ ಇಂಗಿರ್ಬೇಕು ಅಂತಿದ್ಯಲ್ಲ ಊರ ಮುಂದೆ. ಎಂಗೇಳ್ಲಿ?"

ತಾಯಿ ಕೆಂಪಾಜಮ್ಮ ಬಾಗಿಲಿಗೊರಗಿ ಸೆರಗು ಬಾಯಿಗಿಟ್ಟುಕೊಂಡಳು. "ಆಸ್ಪತ್ರೆಗೆ ಕರ್ಕೊಂಡು ಹೋಗಾನ, ನಡೀರಿ" ಎಂದಳು.

ಚೆಲುವರಾಜುವಿನ ಕಣ್ಣು ದೇವರ ಪಟದ ಪಕ್ಕದ ಕಾರ್ಡಿನ ಮೇಲೆ ಹೋಯಿತು. ಅಲ್ಲಿಂದ ಹಿತ್ತಲಿಗೆ, ಹಳೇ ಬ್ಯಾರನ್ನಿಗೆ ಹೋಯಿತು. ಇವತ್ತು ಸೋಮವಾರ. ಶುಕ್ರವಾರಕ್ಕೆ ಐದು ದಿನ. ಶನಿವಾರ ಕಾಲೇಜು. ಅವನ ತಲೆಯಲ್ಲಿ ಲೆಕ್ಕ ಕೂತುಬಿಟ್ಟಿತು. ಹೊಗೆಸೊಪ್ಪಿನವನ ತಲೆಯಲ್ಲದೆ ಬೇರೆ ಯಾವ ತಲೆಯಲ್ಲೂ ಇಂಥ ಲೆಕ್ಕ ಕೂರುತ್ತಿರಲಿಲ್ಲ.

"ಎಂಥೆಂಥ ಹಸಿ ಸೊಪ್ಪನ್ನ ಐದು ದಿನಕ್ಕೆ ಬಂಗಾರ ಮಾಡಿದ್ದೀನಿ. ನನ್ನ ಮಗನ್ನ ಮಾಡಕ್ಕಾಗಕ್ಕಿಲ್ವಾ? ಬೆಂಕಿ ಬ್ಯಾಡ. ಬಾಗಿಲು ಹಾಕಿದ್ರೆ ಸಾಕು. ಒಳಗಿರೋ ವಿಷವೆಲ್ಲ ತಾನೇ ಬಿಡ್ತದೆ."

ವಿಚಿತ್ರವೆಂದರೆ ರಘು ಒಪ್ಪಿದ. ನಾಚಿಕೆಯಿಂದ ಬೆಂದುಹೋಗಿದ್ದವನಿಗೆ ಅದೇ ಸರಿಯೆನ್ನಿಸಿತು. "ಕೂಡಾಕಪ್ಪ. ತೆಗಿ ಅಂತ ನಾನೇ ಬೇಡ್ಕಂಡ್ರೂ ತೆಗೀಬ್ಯಾಡ" ಎಂದು ಹೇಳಿ ಚಾಪೆ, ಕಂಬಳಿ, ಒಂದು ಕೊಡ ನೀರು ಹಿಡಿದು ಒಳಗೆ ಹೋದ. ಊರಿಗೆ, ರಘು ಕೆ.ಆರ್. ನಗರದ ಅತ್ತೆಯ ಮನೆಗೆ ಹೋಗಿದ್ದಾನೆ ಎಂದು ಹೇಳಿದ್ದಾಯಿತು.

ಚೆಲುವರಾಜು ತನ್ನ ಜೀವಮಾನದಲ್ಲಿ ಮೊದಲ ಸಲ ಗಾಜಿನ ಗೂಡಿಗೆ ಕಣ್ಣಿಟ್ಟ.

ಮೊದಲ ದಿನ ರಘು ಒಂದೇ ಸಮನೆ ಆಕಳಿಸಿದ, ಮೂಗು ಸುರಿಯಿತು. "ಹಳದಿಗೆ ತಿರುಗ್ತಾವ್ನೆ" ಎಂದ ಚೆಲುವರಾಜು. ಎರಡನೇ ದಿನ ನಡುಗಿದ, ಬೆವರಿದ, ಕಾಲು ಸೆಳೆತಕ್ಕೆ ಗೋಡೆ ಒದ್ದ, ಕುಡಿದ ಗಂಜಿಯನ್ನೆಲ್ಲ ವಾಂತಿ ಮಾಡಿದ. "ನೀರು ಬಿಡ್ತಾ ಅದೆ, ಒಳ್ಳೇದೇ." ರಘು ಬಾಗಿಲು ಬಡಿದ ಸದ್ದಿಗೆ ಹೆಂಚಿನ ಮೇಲಿನ ಪಾರಿವಾಳಗಳು ಬೈಲಕುಪ್ಪೆಯವರೆಗೆ ಹಾರಿ ಹೋದವು. ಕೆಂಪಾಜಮ್ಮ ಬಾಗಿಲಿನ ಹತ್ತಿರ ಹೋದರೆ ಚೆಲುವರಾಜು ಅಡ್ಡ ನಿಂತ. ಮಗನೇ ತೆಗೆದುಕೊಂಡ ಮಾತು ಅದು. ಮೂರನೇ ದಿನ ಬುಧವಾರ, ಬಡಿತ ನಿಂತಿತು. "ಈಗ ಒಣಗೋ ಹೊತ್ತು" ಎಂದ.

ನಾಲ್ಕೂವರೆಗೆ ಪವಿತ್ರ ಕಾಲೇಜು ಬಿಟ್ಟು ಮೊದಲ ಬಸ್ಸಿಗೇ ಓಡಿಬಂದಳು. ಬ್ಯಾಗು ಬಿಸಾಡಿ ಗೂಡಿಗೆ ಕಣ್ಣಿಟ್ಟು, ತಿರುಗಿ ಅಪ್ಪನ ಮುಂದೆ ನಿಂತಳು.

"ಅಣ್ಣನ ತುಟಿ ಒಡೆದೋಗದೆ. ಕೊಡದಲ್ಲಿ ನೀರು ಅಂಗೇ ಅದೆ. ಕರೆದ್ರೆ ಓ ಅನ್ನಲ್ಲ. ಬಾಗಿಲು ತೆಗಿ."

"ಇನ್ನೆರಡು ದಿನ ಕಣವ್ವ. ಅರ್ಧಕ್ಕೆ ಬಾಗಿಲು ತೆಗೆದ್ರೆ ಸೊಪ್ಪು ಕರ್ರಗಾಯ್ತದೆ."

"ಸೊಪ್ಪನ್ನ ಗಿಡದಿಂದ ಮುರಿದ ಮೇಲೆ ತಾನೇ ನೀನು ಬೇಯ್ಸೋದು?" ಅವಳು ಬಾಗಿಲಿನ ಕಡೆ ಕೈ ಮಾಡಿದಳು. "ಅಣ್ಣನ್ನ ಯಾರೂ ಮುರಿದಿಲ್ಲ. ಅವ್ನು ಇನ್ನೂ ಗಿಡದ ಮ್ಯಾಲವ್ನೆ ಕಣಪ್ಪ. ನೀರು ಕೇಳ್ತಾವ್ನೆ."

ಹದಿನೆಂಟು ವರ್ಷದ ಹುಡುಗಿ, ಅಪ್ಪನ ಎದೆಯವರೆಗೂ ಬಾರದವಳು. ಮೂವತ್ತು ವರ್ಷ ಹೊಗೆಸೊಪ್ಪು ಬೇಯಿಸಿದವನಿಗೆ ಗೊತ್ತಿಲ್ಲದ್ದೇನನ್ನೋ ಹೇಳಿದ್ದಳು. ಚೆಲುವರಾಜು ಅವಳನ್ನು ಹೊಸದಾಗಿ ನೋಡುವವನ ಹಾಗೆ ಒಂದು ಗಳಿಗೆ ನೋಡಿದ. ಆಮೇಲೆ ಅಗುಳಿ ಎಳೆದ.

ಬಾಗಿಲು ತೆರೆದ ಕೂಡಲೆ ಅವನ ಮೂಗಿಗೆ ಬಂದದ್ದು ವಾಂತಿಯಲ್ಲ, ಬೆವರಲ್ಲ. ರಘು ಎರಡು ವರ್ಷದ ಮಗುವಾಗಿದ್ದಾಗ ಭೇದಿ ಹಿಡಿದು, ಕಣ್ಣು ಗುಳಿಬಿದ್ದು, ಇವತ್ತೋ ನಾಳೆಯೋ ಅನ್ನುವಂತಾಗಿದ್ದಾಗ ಅವನ ನೆತ್ತಿಯಿಂದ ಬರುತ್ತಿದ್ದ ವಾಸನೆ. ಇಪ್ಪತ್ತು ವರ್ಷದಿಂದ ಎಲ್ಲೋ ಅಡಗಿದ್ದದ್ದು ಎದ್ದು ಬಂದು ಎದೆಗೆ ಒದೆಯಿತು. ಚೆಲುವರಾಜು ಕಬಡ್ಡಿಯ ಮೈಯ ಮಗನನ್ನು ಹತ್ತಿಯ ಮೂಟೆಯ ಹಾಗೆ ಎತ್ತಿ ಹೆಗಲಿಗೆ ಹಾಕಿಕೊಂಡು ಓಡಿದ.

ಓಡಿದ್ದೆಲ್ಲಿಗೆ? ಗಾಡಿಯೆಂದರೆ ಬೆಟ್ಟಸ್ವಾಮಿಯ ಗೂಡ್ಸ್ ಆಟೋ. ಅದು ಈ ಹೊತ್ತಿನಲ್ಲಿ ನಿಲ್ಲುವುದು ಡೇರಿಯ ಮುಂದೆ. ಐದರ ಬಸ್ಸು ಆಗತಾನೇ ಬಂದಿತ್ತು. ಹದಿನಾಲ್ಕು ಹುಡುಗರು ಸಾಲಾಗಿ ನಿಂತಿದ್ದರು. ಹಾಲಿನ ಕ್ಯಾನು ಹಿಡಿದು ಊರಿಗೆ ಊರೇ ನೆರೆದಿತ್ತು.

"ಅಯ್ಯೋ, ರಘು ಅಲ್ವೇನ್ಲಾ ಇದು! ಕೆ.ಆರ್. ನಗರಕ್ಕೋಗಿದ್ದ ಅಂದೆ?" ಬೆಟ್ಟಸ್ವಾಮಿ ಆಟೋದ ಹಿಂಬಾಗಿಲು ಬೀಳಿಸಿದ. "ಏನಾಯ್ತ್ಲಾ? ಹಾವು ಕಚ್ತಾ?"

"ಹಾವೇ ಇರ್ಬೇಕು. ತುಟಿ ನೋಡಿ" ಎಂದಳು ಹಾಲಿನ ಬಸವಮ್ಮ.

"ಕಾಮಾಲೆ ಕಣ್ರೀ" ಎಂದರು ಇನ್ಯಾರೋ.

ಊರೇ ಸುಳ್ಳುಗಳನ್ನು ತಂದು ಕೈಗೆ ಕೊಡುತ್ತಿತ್ತು. ಒಂದನ್ನು ಆರಿಸಿಕೊಂಡು 'ಊಂ' ಎಂದರೆ ಸಾಕು. ಮಗನೂ ಆಸ್ಪತ್ರೆ ಸೇರುತ್ತಿದ್ದ, ಮೂಗಿನ ಮಾನವೂ ಉಳಿಯುತ್ತಿತ್ತು, ಕಾರ್ಡೂ ಪಟದ ಪಕ್ಕದಲ್ಲೇ ಇರುತ್ತಿತ್ತು. ಚೆಲುವರಾಜು ಮಗನನ್ನು ಆಟೋದಲ್ಲಿ ಮಲಗಿಸಿ, ತಲೆಯ ಕೆಳಗೆ ತನ್ನ ಟವೆಲ್ಲು ಇಟ್ಟ. ನೀರು, ಚಮಚೆ ಹಿಡಿದು ಹಿಂದೆಯೇ ಓಡಿಬಂದಿದ್ದ ಪವಿತ್ರ ಹತ್ತಿ ಅಣ್ಣನ ತಲೆ ಹಿಡಿದು, ಚಮಚೆಯಲ್ಲಿ ನೀರಿಟ್ಟಳು. ರಘು ಗುಟುಕರಿಸಿದ.

ಚೆಲುವರಾಜು ತಿರುಗಿ ನಿಂತ.

"ಹಾವಲ್ಲ ಬಸವಮ್ಮ. ಮಾತ್ರೆ. ನನ್ನ ಮಗ ಒಂದು ವರ್ಷದಿಂದ ಚಟದ ಮಾತ್ರೆ ನುಂಗ್ತಾವ್ನೆ. ದಿನಾ ನಿಮ್ಮ ಮುಂದೇನೇ ಮೂಸಿ ಭೇಷ್ ಅಂದಿದ್ದೀನಿ. ಅದಕ್ಕೆ ವಾಸನೆ ಇಲ್ಲ. ಗೊತ್ತಾದ ಮೇಲೆ ಮಾನ ಹೋಯ್ತದೆ ಅಂತ ಬ್ಯಾರನ್ನಲ್ಲಿ ಕೂಡಾಕಿದ್ದೆ. ಸಾಯಿಸ್ಬುಡ್ತಿದ್ದೆ."

ಡೇರಿಯಲ್ಲಿ ಹಾಲು ಅಳೆಯುವವನ ಕೈ ಅಲ್ಲೇ ನಿಂತಿತು. ಬಸ್ಸಿನ ಡ್ರೈವರು ಇಂಜಿನ್ನು ಆರಿಸಿದ. ನೊಣ ಕೂಡ ಹಾರಲಿಲ್ಲ.

ಚೆಲುವರಾಜು ಸಾಲಿನ ಹುಡುಗರ ಕಡೆ ನೋಡಿದ. "ನನ್ನ ಮೂಗು ಸೋತೋಯ್ತು ಕಣ್ರಪ್ಪ. ನಿಮ್ಮಲ್ಲಿ ಯಾರ ಹೊಟ್ಟೇಲಿ ಏನದೆ ಅಂತ ನಂಗೆ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ. ನೀವೇ ಹೇಳ್ಬೇಕು. ಯಾರೂ ಬಯ್ಯಕ್ಕಿಲ್ಲ, ಹೊಡಿಯಕ್ಕಿಲ್ಲ. ಬೈದ್ರೆ ನನ್ನ ಕೇಳಿ. ಆಟೋದಲ್ಲಿ ಜಾಗ ಅದೆ."

ಯಾರೂ ಅಲ್ಲಾಡಲಿಲ್ಲ. ಬೆಟ್ಟಸ್ವಾಮಿ ಸ್ಟಾರ್ಟ್ ಮಾಡಿದ. ಆಗ ಸಾಲಿನಿಂದ ಒಬ್ಬ ಈಚೆಗೆ ಬಂದ. ವಸಂತ. ಗೋಬಿ ಮಂಚೂರಿಯ ವಸಂತ! ಒಂಬತ್ತು ತಿಂಗಳಿಂದ ಚೆಲುವರಾಜು ಅವನ ಬಾಯಲ್ಲಿ ತಿಂಡಿ ಬಿಟ್ಟು ಮತ್ತೇನನ್ನೂ ಕಂಡಿರಲಿಲ್ಲ. ಅವನು ಯಾರ ಮುಖವನ್ನೂ ನೋಡದೆ, ಬ್ಯಾಗನ್ನು ಎದೆಗವುಚಿಕೊಂಡು ಆಟೋ ಹತ್ತಿ ರಘುವಿನ ಕಾಲ ಹತ್ತಿರ ಕೂತ.

"ನಾನೂ" ಎಂದು ಒಂದು ದನಿ ಬಂತು. ಅದು ಸಾಲಿನಿಂದ ಬರಲಿಲ್ಲ. ಬಸ್ಸಿನ ಮೆಟ್ಟಿಲಿನಿಂದ ಬಂತು. ಬಸವಮ್ಮನ ಮಗಳು ರಮ್ಯಾ. ಹೆಣ್ಣುಮಕ್ಕಳನ್ನು ಯಾರೂ ಸಾಲಿಗೆ ನಿಲ್ಲಿಸಿರಲಿಲ್ಲ, ಅವರನ್ನು ಮೂಸಬೇಕೆಂದು ಯಾರಿಗೂ ತೋಚಿರಲಿಲ್ಲ. ಅವಳು ಇಳಿದು, ಜನ ಬಿಟ್ಟುಕೊಟ್ಟ ದಾರಿಯಲ್ಲಿ ನಡೆದು ಬಂದಳು. ಹತ್ತು ಹೆಜ್ಜೆ ದಾರಿ, ಅವತ್ತು ಹತ್ತು ಮೈಲಿ ಇತ್ತು. ಬಸವಮ್ಮನ ಬಾಯಿ ತೆರೆಯಿತು. ಈಗ ಬೈಗುಳ ಬರುತ್ತದೆ ಎಂದು ಎಲ್ಲರೂ ಕಾದರು. ಬಸವಮ್ಮ ಹಾಲಿನ ಕ್ಯಾನನ್ನು ನೆಲಕ್ಕಿಟ್ಟು, ಸೀರೆ ಎತ್ತಿ ಕಟ್ಟಿ, ಮಗಳ ಹಿಂದೆಯೇ ಆಟೋ ಹತ್ತಿದಳು.

ಹನುಮಂತ ಸಮುದ್ರ ಹಾರುವಾಗಲೂ ಜನ ಇಷ್ಟು ಬೆರಗಾಗಿ ನಿಂತಿರಲಾರರು. ಚೆಲುವರಾಜು ಬಸವಮ್ಮನ ಹಿಂದೆಯೇ ಆಟೋ ಹತ್ತಿದ. ಎರಡು ವರ್ಷ ದಿನಾ ಮೂಗೆಳೆದು ಅವನು ಕಂಡುಹಿಡಿಯಲಾಗದ್ದು ಎರಡು ನಿಮಿಷದಲ್ಲಿ ತಾನಾಗಿ ನಡೆದುಬಂದು ಎದುರಿಗೆ ಕೂತಿತ್ತು.

ಹುಣಸೂರಿನ ಆಸ್ಪತ್ರೆಯಲ್ಲಿ ರಘುವಿಗೆ ಡ್ರಿಪ್ಪು ಹಾಕಿದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು ನೀಲಕಂಠಸ್ವಾಮಿ. ಮನಸ್ಸಿನ ಕಾಯಿಲೆಗಳನ್ನು ನೋಡುವ ಅವರು ಸಣ್ಣ ಆಸಾಮಿ, ದನಿಯೂ ಸಣ್ಣದು. ಮೂವರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಮಾತಾಡಿದರು. ಕೊನೆಗೆ ಚೆಲುವರಾಜುವನ್ನು ಕರೆದರು.

"ಇದು ಕಾಯಿಲೆ ಚೆಲುವರಾಜು ಅವರೇ. ಒಮ್ಮೆಗೇ ನಿಲ್ಲಿಸಿ ಕೂಡಿಹಾಕಬಾರದು, ಮೈ ತಡೆಯಲ್ಲ. ಔಷಧಿ ಕೊಟ್ಟು ನಿಧಾನವಾಗಿ ಇಳಿಸಬೇಕು. ವಾರವಾರ ಬಂದು ಮಾತಾಡಬೇಕು."

"ಎಷ್ಟು ದಿನ ಸಾರ್? ಐದಲ್ಲ ಅಂತ ಗೊತ್ತಾಯ್ತು."

"ತಿಂಗಳುಗಳು. ನಡುವೆ ಮತ್ತೆ ಜಾರಬಹುದು. ಜಾರಿದರೆ ಸೋತ ಹಾಗಲ್ಲ. ಜಾರಿದ ದಿನ ಬಂದು ಹೇಳೋಕೆ ಮನೆಯಲ್ಲಿ ಒಬ್ಬರು ಇರಬೇಕು, ಅಷ್ಟೇ."

ಚೆಲುವರಾಜು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೇಳಿದ. "ಅದಕ್ಕೆ ವಾಸನೇನೇ ಇಲ್ವಲ್ಲ ಸಾರ್. ನಿಮಗೆಂಗೆ ಗೊತ್ತಾಯ್ತದೆ?"

"ನನಗೂ ಗೊತ್ತಾಗಲ್ಲ. ಕೇಳ್ತೀನಿ. ಅವರು ಹೇಳೋವರೆಗೂ ಕಾಯ್ತೀನಿ."

ಬ್ಯಾರನ್ನಿನ ಬೆಂಕಿಯನ್ನು ಮೂವತ್ತು ವರ್ಷ ಕಾದವನು ಈ ಸಣ್ಣ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಬೆಂಕಿಯೂ ಇಲ್ಲದೆ, ಗಾಜಿನ ಗೂಡೂ ಇಲ್ಲದೆ ಕಾಯುವವನು!

ಶನಿವಾರ ಕಾಲೇಜಿನ ವೇದಿಕೆಯ ಮೇಲೆ ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂತದ್ದು ಡಾಕ್ಟರು. ಹಾಗೆಂದು ಪ್ರಿನ್ಸಿಪಾಲರ ಮನೆಗೇ ಹೋಗಿ ಹೇಳಿಬಂದವನು ಚೆಲುವರಾಜು. ಅವನು ಕೊನೇ ಸಾಲಿನಲ್ಲಿ, ಪವಿತ್ರಳ ಪಕ್ಕ, ಕೈಕಟ್ಟಿಕೊಂಡು ಕೂತಿದ್ದ. ಹುಡುಗರು ತಿರುಗಿ ತಿರುಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. "ಕೈ ತೆಗೀರ್ಲಾ, ರಜ ಹಾಕಿದ್ದೀನಿ" ಎಂದ. ಅಷ್ಟು ದೂರದಿಂದಲೇ ವೇದಿಕೆಯ ಮೇಲಿನ ಹಾರದಲ್ಲಿ ನಿನ್ನೆಯ ಸೇವಂತಿಗೆ ಸೇರಿಸಿದ್ದಾರೆಂದು ಅವನಿಗೆ ತಿಳಿದಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಇದು ಅವನ ಜೀವನದ ಮೊದಲ ಮೌನ.

ಊರಿನ ಕಟ್ಟಳೆ ನಿಲ್ಲಲಿಲ್ಲ, ಬದಲಾಯಿತು. ಐದರ ಬಸ್ಸಿಗೆ ಚೆಲುವರಾಜು ಡೇರಿಯ ಜಗುಲಿಗೆ ಬಂದೇ ಬರುತ್ತಿದ್ದ. ಸಾಲಿಲ್ಲ, 'ಹಾ' ಇಲ್ಲ. ಇಳಿದು ಬಂದವರಿಗೆ, ಗಂಡಾಗಲಿ ಹೆಣ್ಣಾಗಲಿ, ಕಡಲೆಕಾಯಿ ಕೊಟ್ಟು, "ಎಂಗಿದ್ದೀಯ ಮಗಾ?" ಎಂದು ಕೇಳಿ ಸುಮ್ಮನೆ ಕೂರುತ್ತಿದ್ದ. ಬಾಯಿ ಮುಚ್ಚಿ ಕೂರುವುದು ಅವನಿಗೆ ಸೊಪ್ಪು ಬೇಯಿಸುವುದಕ್ಕಿಂತ ನೂರು ಪಾಲು ಕಷ್ಟದ ಕೆಲಸವಾಗಿತ್ತು. ಬೆಟ್ಟಸ್ವಾಮಿಯಂತೂ, "ಲೇ ಚೆಲುವ, ಹೊಟ್ಟೆ ಒಡ್ಕೊಂಡೀಯ, ಏನಾರ ಮಾತಾಡ್ಲಾ" ಎಂದು ಕೆಣಕುತ್ತಿದ್ದ. ಕೆಲವರು ಕಡಲೆಕಾಯಿ ತಿಂದು ಹೋಗುತ್ತಿದ್ದರು. ಕೆಲವರು ಕೂರುತ್ತಿದ್ದರು.

ರಘು ಮತ್ತೆ ಕಾಲೇಜಿಗೆ ಹೋದ. ವಾರಕ್ಕೊಂದು ಸಲ ಡಾಕ್ಟರ ಹತ್ತಿರ, ಜೊತೆಗೆ ವಸಂತ, ರಮ್ಯಾ. ಮುಖಕ್ಕೆ ಬಣ್ಣ ಬಂತು. ಸೊಪ್ಪು ಕಟ್ಟುವ ಬೆರಳಿನ ನಡುಕ ನಿಂತಿತು. ಹೊಗೆಸೊಪ್ಪಿನ ಕಾಲ ಮುಗಿದು, ಬ್ಯಾರನ್ನುಗಳು ತಣ್ಣಗಾಗಿ, ಹುರುಳಿ ಒಕ್ಕಣೆ ನಡೆಯುತ್ತಿದ್ದ ಒಂದು ಮಂಗಳವಾರ ಐದರ ಬಸ್ಸಿನಿಂದ ರಘು ಎಲ್ಲರಿಗಿಂತ ಕೊನೆಗೆ ಇಳಿದ. ನೆಟ್ಟಗೆ ಜಗುಲಿಗೆ ಬಂದು, ಹಾಲು ಹಾಕುವವರೆಲ್ಲ ನೋಡುತ್ತಿರುವಾಗಲೇ ಅಪ್ಪನ ಮುಂದೆ ನಿಂತ.

"ಅಪ್ಪಾ, ಇವತ್ತು ಒಂದು ನುಂಗ್ಬುಟ್ಟೆ. ಇನ್ನೊಂದು ಇಲ್ಲಿ ಅದೆ." ಜೇಬಿನಿಂದ ತೆಗೆದು ಅಪ್ಪನ ಅಂಗೈಯಲ್ಲಿಟ್ಟ.

ಬಿಳೀ ಮಾತ್ರೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಚೆಲುವರಾಜುವಿನ ಕೈ ಅಭ್ಯಾಸಬಲದಿಂದ ಮೂಗಿನ ಕಡೆ ಹೊರಟು, ಗಲ್ಲದ ಹತ್ತಿರ ನಿಂತು, ವಾಪಸ್ಸು ಇಳಿಯಿತು. ಅವನು ಮಗನ ಮುಖವನ್ನು ನೋಡಿದ. ರೈಡಿಗೆ ಹೋದರೆ ಎದುರಾಳಿಗಳನ್ನು ಬೇಲಿ ಹಾರಿಸುತ್ತಿದ್ದ ಹುಡುಗ ಅವನ ಜನ್ಮದಲ್ಲೇ ಅತಿ ದೊಡ್ಡ ರೈಡು ಮುಗಿಸಿ, ಉಸಿರು ಕಟ್ಟಿಕೊಂಡು, ಗೆರೆ ಮುಟ್ಟಿ ನಿಂತಿದ್ದ. ಇಂಥ ಧೈರ್ಯ ಈ ಹುಡುಗನೊಳಗೆ ಯಾವಾಗ ಬಂದು ಕೂತಿತ್ತೋ! ಅದಕ್ಕೂ ವಾಸನೆ ಇರಲಿಲ್ಲ.

ಚೆಲುವರಾಜು ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟು ಎದ್ದ. ಬೆಟ್ಟಸ್ವಾಮಿ ಯಾರೂ ಹೇಳದೆಯೇ ಆಟೋದ ಹಿಂಬಾಗಿಲು ಬೀಳಿಸಿದ್ದ. ವಸಂತ ಆಗಲೇ ಹತ್ತಿ ಕೂತಿದ್ದ.

"ಬಯ್ಯಲ್ವಾ?" ಎಂದ ರಘು.

"ಬಯ್ಯಕ್ಕೆ ಪುರುಸೊತ್ತೆಲ್ಲಿ ಮಗಾ? ಡಾಕ್ಟ್ರು ಆರಕ್ಕೆ ಎದ್ದೋಯ್ತಾರೆ. ಆಟೋ ಹತ್ತು, ಹತ್ತು."